ಪೆದ್ದಪ್ಪನ ಸಲಾಮು

ಆ ಬೆಳಗ್ಗೆ ಶ್ರೀನಿವಾಸಪುರದ ರೈಲುಹಳಿಯ ಮೇಲೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಕದಿರಮ್ಮ ಎದುರು ಬಂದು ನಿಂತ ಮೇಲೆಯೇ ಮೇಸ್ತ್ರಿ ಗಂಗುಲಪ್ಪನಿಗೆ ಗುರುತು ಸಿಕ್ಕಿದ್ದು. ಗಂಡ ಪೆದ್ದಪ್ಪನ ತಿಥಿ ಹಿಂದಿನ ದಿನವಷ್ಟೇ ಮುಗಿದಿತ್ತು. ಅವಳ ಕೈಯಲ್ಲಿ ಅವನ ಸುತ್ತಿಗೆಯಿತ್ತು.

ಹಿಂದಿನ ಮಹಾಯುದ್ಧದಲ್ಲಿ ಸಿಪಾಯಿಯಾಗಿ ಕಡಲಾಚೆಯ ಬಸ್ರಾಕ್ಕೆ ಹೋಗಿಬಂದಿದ್ದ ಪೆದ್ದಪ್ಪ, ಹಳಿ ಕೆಲಸಕ್ಕೆ ಸೇರಿದ ಮೇಲೂ ದಿನಾ ಬೆಳಗ್ಗೆ ಹಳೇ ಬೂಟಿನ ಹಿಮ್ಮಡಿ ಕುಟ್ಟಿ ಮೇಸ್ತ್ರಿಗೆ ಸಲಾಮು ಹೊಡೆಯುತ್ತಿದ್ದ.

"ಏನ್ಲಾ ಪೆದ್ದಾ, ಇದನ್ನೂ ಬಸ್ರಾ ಅಂದ್ಕೊಂಡ್ಯಾ? ಗುದ್ಲಿ ಎತ್ಕೋ!" ಎಂದು ಗಂಗುಲಪ್ಪ ನಗುತ್ತಿದ್ದ. ಆಳುಗಳೂ ನಗುತ್ತಿದ್ದರು.

ಒಂದು ಸಲ ಮಾತ್ರ ಪೆದ್ದಪ್ಪ ಮೆಲ್ಲಗೆ ಅಂದಿದ್ದ: "ಅಲ್ಲಿ ಬಿಳಿ ದೊರೆಗಳೂ ತಿರುಗಿ ಸಲಾಮು ಹೊಡೀತಿದ್ರು ಕಣಣ್ಣಾ." ಮರುದಿನವೂ ಅವನ ಸಲಾಮು ತಪ್ಪಲಿಲ್ಲ.

"ರೈಲಿನೋರ ಸಾಮಾನು ಮನೇಲಿ ಉಳೀಬಾರ್ದು ಅಂತಿದ್ರು ನಮ್ಮೋರು. ತಗೊಳ್ಳಣ್ಣಾ," ಎಂದಳು ಕದಿರಮ್ಮ, ಸುತ್ತಿಗೆಯನ್ನು ಮುಂದೆ ಚಾಚಿ.

ಗಂಗುಲಪ್ಪ ಸುತ್ತಿಗೆಯನ್ನು ಎರಡೂ ಕೈಯಲ್ಲಿ ಇಸಕೊಂಡು, ಪ್ರಸಾದದ ತಟ್ಟೆಯಂತೆ ಹಳಿಯ ಮೇಲಿಟ್ಟ. ತಲೆಗೆ ಸುತ್ತಿದ ವಸ್ತ್ರ ಸರಿಮಾಡಿಕೊಂಡ. ಬರಿಗಾಲಿನ ಹಿಮ್ಮಡಿ ಜೋಡಿಸಿದ, ಸದ್ದಾಗಲಿಲ್ಲ. ಆಳುಗಳೆಲ್ಲ ನೋಡುತ್ತಿದ್ದಂತೆ, ದೇವರ ಮುಂದೆ ಮಾತ್ರ ಹಣೆಗೆ ಏರುತ್ತಿದ್ದ ಅವನ ಬಲಗೈ ಆ ಸುತ್ತಿಗೆಯ ಮುಂದೆ ಏರಿ ನಿಂತಿತು.