ಮೂರನೇ ಶಿಖರ

ಪ್ರೊಫೆಸರರ ಲೇಸರಿನ ಕೆಂಪು ಚುಕ್ಕಿ ತೆರೆಯ ಮೇಲಿನ ಗ್ರಾಫಿನ ಮೂರನೇ ಶಿಖರಕ್ಕೇರಿತು. “ಮಾರ್ಚ್ ಎರಡನೇ ವಾರ ಕಪ್ಪುಕುಳಿಯಿಂದ ಚಿಮ್ಮಿದ ಕಣಗಳ ಜೆಟ್ ಎಂದಿಗಿಂತ ಹತ್ತು ಪಟ್ಟು ವಿಕಿರಣ ಸೂಸಿದೆ. ಇದು ನಾನೊಬ್ಬನೇ ಕಂಡುಹಿಡಿದದ್ದು!” ಮುಂದಿನ ಸಾಲಿನಲ್ಲಿದ್ದ ಶಿಷ್ಯೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು.

ನಾಲ್ಕು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅವಳು ಮಾಡಿದ ಕೆಲಸವದು. ಅವಳ ಹೆಸರು ಹೊಡೆದುಹಾಕಿ ಅವರು ಫೈಲು ಎತ್ತಿಕೊಂಡಿದ್ದರು. ಕದಿಯುವ ಅವಸರದಲ್ಲಿ ಸಿಕ್ಕಿದ್ದು ಮಾತ್ರ ತಾಲೀಮಿನ ಫೈಲು. ತನ್ನ ಪ್ರೋಗ್ರಾಮನ್ನು ಪರೀಕ್ಷಿಸಲು ಇಲ್ಲದ ಆ ಮೂರನೇ ಶಿಖರವನ್ನು ಅವಳೇ ಕೈಯಾರೆ ಸೇರಿಸಿದ್ದಳು. ಅವರು ಎತ್ತಿಕೊಂಡದ್ದು ಅದನ್ನೇ ಎಂದು ಗೊತ್ತಿದ್ದೂ ತಿಂಗಳಿಂದ ತುಟಿ ಬಿಚ್ಚಿರಲಿಲ್ಲ.

ಹಿಂದಿನಿಂದ ಟೆಲಿಸ್ಕೋಪಿನ ಮೇಲ್ವಿಚಾರಕ ಎದ್ದ. “ಸಾರ್, ಆ ವಾರ ಪೂರ್ತಿ ಟೆಲಿಸ್ಕೋಪ್ ರಿಪೇರಿಲಿತ್ತಲ್ಲ?”

ಕೆಂಪು ಚುಕ್ಕಿ ತಟ್ಟನೆ ಆರಿತು. ಪ್ರೊಫೆಸರು ಶಿಷ್ಯೆಯತ್ತ ತಿರುಗಿದರು. “ನೀನೇ ಹೇಳಮ್ಮ, ನಿನಗೆ ಗೊತ್ತಲ್ಲ.”

“ನಂಗೇನು ಗೊತ್ತು ಸಾರ್? ನೀವೊಬ್ರೇ ಕಂಡುಹಿಡಿದದ್ದು ಅಲ್ವಾ?”