ನೆಂಟರ ಕಂಪನಿ

ಕಂಪನಿಯೊಳಗೆ ನೆಂಟರು ನುಗ್ಗುತ್ತಿದ್ದಾರೆ ಎಂಬ ಅನುಮಾನ ಪಟ್ಟಿಯಪ್ಪನವರಿಗೆ ಬಂದದ್ದು ಸೋಮವಾರ ಹತ್ತೂವರೆಗೆ. ಹನ್ನೊಂದಾಗುವಷ್ಟರಲ್ಲಿ ಅದು ಖಾತ್ರಿಯಾಗಿತ್ತು.

ಲಿಫ್ಟ್ ದುರಸ್ತಿ ಮಾಡುವ ಆ ಪುಟ್ಟ ಕಂಪನಿಗೆ ಅವರು ಮ್ಯಾನೇಜರು. ಕೂತರೆ ನಿಂತರೆ ಪಟ್ಟಿ ಬರೆಯುವುದರಿಂದ ಬೆನ್ನ ಹಿಂದೆ ಆ ಹೆಸರು. ಅವರ ಕೈಕೆಳಗೆ ನಾಲ್ವರು: ಫೋನ್ ಎತ್ತುವ ಹುಡುಗಿ, ಸ್ಟೋರಿನ ಹಿರಿಯರು, ವ್ಯಾನ್ ಡ್ರೈವರ್, ಹೆಡ್ ಮೆಕ್ಯಾನಿಕ್. ಅವರವರ ಕೆಲಸದಲ್ಲಿ ಒಬ್ಬೊಬ್ಬರೂ ನಿಸ್ಸೀಮರು. ತೊಂದರೆಯೇ ಅದು. ಒಬ್ಬರ ಕೆಲಸ ಇನ್ನೊಬ್ಬರಿಗೆ ಬಾರದು.

ಮೆಕ್ಯಾನಿಕ್‌ಗೆ ಹಲ್ಲುನೋವು ಬಂದ ದಿನ ಅದು ಬೀದಿಗೆ ಬಿತ್ತು. ಒಂದು ಕಟ್ಟಡದಲ್ಲಿ ಏಳು ಜನ ಮೂರನೇ ಮಹಡಿಗೂ ನಾಲ್ಕನೇ ಮಹಡಿಗೂ ನಡುವೆ ಒಂದೂವರೆ ಗಂಟೆ ತ್ರಿಶಂಕುಗಳಾಗಿ ನಿಂತರು. ಗ್ರಹಚಾರಕ್ಕೆ ಆ ಏಳು ಜನರಲ್ಲಿ ಒಬ್ಬರು, ಊರಿನ ನಲವತ್ತು ಕಟ್ಟಡಗಳನ್ನು ನೋಡಿಕೊಳ್ಳುವ ಸಂಸ್ಥೆಯ ತಪಾಸಣೆ ಅಧಿಕಾರಿ.

ಹೊರಬಂದ ಅಧಿಕಾರಿ ಬೆವರು ಒರೆಸಿಕೊಳ್ಳುತ್ತಲೇ ಆಜ್ಞೆ ಹೊರಡಿಸಿದರು. ಎಂಟು ವಾರದೊಳಗೆ ಪ್ರತಿ ಕುರ್ಚಿಗೂ ಆ ಕೆಲಸ ಬಲ್ಲ ಎರಡನೆಯವರೊಬ್ಬರು ತಯಾರಿರಬೇಕು. ಇಲ್ಲದಿದ್ದರೆ ನಲವತ್ತು ಕಟ್ಟಡಗಳ ಲಿಫ್ಟ್ ಕೆಲಸವೂ ಬೇರೆ ಕಂಪನಿಯ ಪಾಲು. ಎಂದರೆ, ಈ ಕಂಪನಿಯ ಬಾಗಿಲಿಗೆ ಬೀಗ.

"ನನ್ನ ಕುರ್ಚಿಗೂ ಎರಡನೆಯವರಿದ್ದಾರೆ, ಗೊತ್ತಾ? ನಮ್ಮ ಅತ್ತೆ. ನಾನು ಏಳು ವರ್ಷ ಕಲಿತಿದ್ದನ್ನ ಏಳು ವಾರದಲ್ಲಿ ಕಲಿತ್ರು," ಎಂದು ಎದೆಯುಬ್ಬಿಸಿ ಹೇಳಿ ಹೋದರು.

ಹೊಸಬರನ್ನು ಹುಡುಕಿ ಪಳಗಿಸಲು ಪಟ್ಟಿಯಪ್ಪನವರಿಗೆ ಪುರುಸೊತ್ತಿರಲಿಲ್ಲ. ನಿಮ್ಮ ನಿಮ್ಮ ಎರಡನೆಯವರನ್ನು ನೀವೇ ಹುಡುಕಿಕೊಳ್ಳಿ, ನೀವೇ ತಯಾರು ಮಾಡಿ ಎಂದರು. ಒಂದೇ ಷರತ್ತು: ಪರೀಕ್ಷೆಯ ದಿನದವರೆಗೆ ಅದು ಯಾರೆಂದು ಯಾರಿಗೂ ಬಾಯಿ ಬಿಡಬಾರದು. ಒಬ್ಬರು ತಿದ್ದಿ ತೀಡಿದವರನ್ನು ಇನ್ನೊಬ್ಬರು ಎಗರಿಸಿಕೊಂಡರೆ?

ಆ ಸೋಮವಾರ ಒಬ್ಬೊಬ್ಬರನ್ನೇ ಮೇಲೆ ಕರೆದು ಪ್ರಗತಿ ವಿಚಾರಿಸಿದರು. ಫೋನ್ ಹುಡುಗಿ, ಚಿಕ್ಕಮ್ಮ ಚೆನ್ನಾಗಿ ಕಲಿಯುತ್ತಿದ್ದಾರೆ, ಬೈಯುವ ಗಿರಾಕಿಯೂ ಕೊನೆಗೆ ಕ್ಷಮೆ ಕೇಳಿ ಫೋನ್ ಇಡುತ್ತಾನೆ ಎಂದಳು. ಸ್ಟೋರಿನ ಹಿರಿಯರು, ತಂಗಿ ಕಣ್ಣು ಮುಚ್ಚಿ ಮುಟ್ಟಿ ಬೋಲ್ಟಿನ ಅಳತೆ ಹೇಳುತ್ತಾಳೆ ಎಂದರು. ಅಕ್ಕ ಹಿಂದಿನ ಗಲ್ಲಿಯಲ್ಲಿ ವ್ಯಾನನ್ನು ರಿವರ್ಸ್ ತೆಗೆದದ್ದನ್ನು ಡ್ರೈವರ್ ಕೈ ತಿರುಗಿಸಿ ತೋರಿಸಿದ. ಮೆಕ್ಯಾನಿಕ್ ಮಾತಾಡುವವನಲ್ಲ. "ಅತ್ತಿಗೆ ಪರವಾಗಿಲ್ಲ," ಎಂದಷ್ಟೇ ಹೇಳಿದ.

ಪಟ್ಟಿಯಪ್ಪನವರು ಬರೆದುಕೊಂಡರು. ಚಿಕ್ಕಮ್ಮ, ತಂಗಿ, ಅಕ್ಕ, ಅತ್ತಿಗೆ. ಇದು ಲಿಫ್ಟ್ ಕಂಪನಿಯೋ ಮದುವೆ ದಿಬ್ಬಣವೋ? ಬೈಯಬೇಕೆನ್ನಿಸಿತು. ಆದರೆ ತಪಾಸಣೆ ಅಧಿಕಾರಿಯೇ ತಮ್ಮ ಅತ್ತೆಯನ್ನು ತಂದು ಕೂರಿಸಿರುವಾಗ ಇವರನ್ನು ಯಾವ ಬಾಯಿಂದ ಬೈಯುವುದು?

ಅಲ್ಲದೆ ಕೆಲಸ ಹೂವಿನಂತೆ ಹಗುರಾಗಿತ್ತು. ಲಿಫ್ಟ್ ಸಿಕ್ಕಿಕೊಂಡಿದೆ ಎಂದು ಮೆಕ್ಯಾನಿಕ್ ಓಡಿದರೆ, ಅವನ ಅತ್ತಿಗೆ ಆಗಲೇ ಜನರನ್ನು ಇಳಿಸಿ ಹೋಗಿರುತ್ತಿದ್ದಳು. ಸ್ಟೋರಿನ ಹಿರಿಯರು ಎಷ್ಟೋ ವರ್ಷದ ಮೇಲೆ ಕೂತು ಊಟ ಮಾಡಿದರು. ಡ್ರೈವರ್ ಸಿಳ್ಳೆ ಹಾಕತೊಡಗಿದ.

ತಮ್ಮ ಕುರ್ಚಿಗೆ ಮಾತ್ರ ಪಟ್ಟಿಯಪ್ಪನವರು ನೆಂಟರನ್ನು ಹುಡುಕಲಿಲ್ಲ. ಯೋಗ್ಯತೆ ನೋಡಿದರು. ದಿನಾ ಬೆಳಿಗ್ಗೆ ಉಳಿದವರು ಬರುವ ಮೊದಲು ಅರ್ಧ ಗಂಟೆ ಪಾಠ. ಎರಡನೇ ವಾರದಲ್ಲೇ ಶಿಷ್ಯೆ ಗುರುವಿನ ಪಟ್ಟಿಯಲ್ಲಿ ತಪ್ಪು ಹಿಡಿದಳು. ಆ ಸಂಜೆ ಅವರು ಐದಕ್ಕೇ ಮನೆ ಸೇರಿ, ಹೆಂಡತಿಯನ್ನು ತಿರುಗಾಡಲು ಕರೆದರು. ಆಕೆ ಗಂಡನ ಹಣೆ ಮುಟ್ಟಿ, ಜ್ವರವಿಲ್ಲವೆಂದು ಖಾತ್ರಿಯಾದ ಮೇಲೆ ಚಪ್ಪಲಿ ಮೆಟ್ಟಿದಳು.

ಪರೀಕ್ಷೆಯ ದಿನ ಬಂತು. ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಅಧಿಕಾರಿ ಬಂದು, ಐವರನ್ನೂ ಗೋಡೆಗೆ ಸಾಲಾಗಿ ನಿಲ್ಲಿಸಿದರು. ಐದು ಕುರ್ಚಿಗಳು ಖಾಲಿ.

"ಎಲ್ಲಿ, ನಿಮ್ಮ ಎರಡನೆಯವರನ್ನ ಕರೀರಿ."

ಕರೆಯುವ ಮೊದಲೇ ಬಾಗಿಲು ತೆರೆಯಿತು. ಒದ್ದೆ ಕೈ ಒರೆಸಿಕೊಳ್ಳುತ್ತ ಒಳಗೆ ಬಂದವಳು ದಿನಾ ಆಫೀಸಿನ ನೆಲ ಒರೆಸುವ ಹೆಂಗಸು. ಪಟ್ಟಿಯಪ್ಪನವರ ಎದೆ ಅರಳಿತು. ಮೊದಲು ಬಂದದ್ದು ತಮ್ಮ ಶಿಷ್ಯೆಯೇ! ಉಳಿದ ನಾಲ್ವರಿಗಾಗಿ ಅವರು ಕತ್ತು ಚಾಚಿದರು. ಅವಳು ಬಾಗಿಲು ಹಾಕಿದಳು.

"ಬನ್ನಿ ಚಿಕ್ಕಮ್ಮ," ಎಂದಳು ಫೋನ್ ಹುಡುಗಿ.

"ಬಾ ತಂಗಿ," ಎಂದರು ಸ್ಟೋರಿನ ಹಿರಿಯರು. ಅದೇ ಉಸಿರಿಗೆ ಡ್ರೈವರ್ "ಅಕ್ಕ" ಎಂದ. ಮೆಕ್ಯಾನಿಕ್ "ಅತ್ತಿಗೆ" ಎಂದ. ಆಮೇಲೆ ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಟ್ಟಿಯಪ್ಪನವರು ದಿನಾ ಕರೆಯುತ್ತಿದ್ದ "ತಾಯೀ" ಎಂಬ ಮಾತು ಕೆಟ್ಟ ಲಿಫ್ಟಿನಂತೆ ಗಂಟಲಲ್ಲೇ ನಿಂತಿತು.

ಅವಳು ಕುರ್ಚಿಗಳನ್ನು ಎಣಿಸಿದಳು. "ಯಾರಿಗೂ ಹೇಳ್ಬೇಡ ಅಂದ್ರಿ, ಹೇಳ್ಲಿಲ್ಲ. ಈಗ ಐದೂ ಜನ ಹತ್ತು ಗಂಟೆಗೇ ಬಾ ಅಂದಿದ್ದೀರಿ. ಮೊದಲು ಯಾವ ಕುರ್ಚೀಲಿ ಕೂತ್ಕೊಳ್ಳಲಿ?"

ಪಟ್ಟಿಯಪ್ಪನವರು ಕಣ್ಣು ಮುಚ್ಚಿದರು. ನಲವತ್ತು ಕಟ್ಟಡಗಳು ಒಂದೊಂದಾಗಿ ಕೈಜಾರಿ ಹೋದವು. ಬೈಗುಳಕ್ಕೆ ಕಾದರು. ಬರಲಿಲ್ಲ. ಕಣ್ಣು ಬಿಟ್ಟು ನೋಡಿದರೆ, ಅಧಿಕಾರಿ ಫೈಲನ್ನು ಮುಖಕ್ಕೆ ಅಡ್ಡ ಹಿಡಿದು ಮೆಲ್ಲಗೆ ಬಾಗಿಲ ಕಡೆ ಸರಿಯುತ್ತಿದ್ದರು.

ಅವಳು ಅವರನ್ನು ಆಗಲೇ ನೋಡಿಯಾಗಿತ್ತು. "ಇದೇನು ಅಳಿಯಂದಿರೇ, ಇಲ್ಲಿಗೇ ಬಂದುಬಿಟ್ರಿ? ನಿಮ್ಮ ಆಫೀಸಲ್ಲಿ ನಿಮ್ಮ ಕುರ್ಚಿಗೆ ನಾನು ಬರೋದು ಮಧ್ಯಾಹ್ನ ಎರಡಕ್ಕಲ್ವಾ?"