ಪ್ರಯೋಗಕ್ಕೆ ಕೂತವರು

ಪಕ್ಕದ ಕೋಣೆಯಲ್ಲಿ ಏನೋ ಧೊಪ್ಪೆಂದು ಬಿತ್ತು. ಹಿಂದೆಯೇ ಕುರ್ಚಿ ಉರುಳಿದ ಸದ್ದು, ಆಮೇಲೆ ಯಾರೋ ನರಳಿದ್ದು. ಬರೆಯುತ್ತಿದ್ದ ಫೆನ್ನೆಯ ಕೈ ಅಲ್ಲೇ ನಿಂತಿತು. ಆ ಕೋಣೆಯಲ್ಲಿದ್ದವಳು ಸಂಶೋಧಕಿ ಹಿಸ್ಕೆ ಒಬ್ಬಳೇ. ಎಲ್ಲರ ಮೊಬೈಲುಗಳನ್ನೂ, ತನ್ನದನ್ನೂ ಸೇರಿಸಿ, ಕೆಳಗಿನ ಮಹಡಿಯ ಬೀರುವಿನಲ್ಲಿಡಿಸಿ, ಇವರಿಬ್ಬರಿಗೆ ಪ್ರಶ್ನೆಗಳ ಹಾಳೆ ಕೊಟ್ಟು ಈಗಷ್ಟೇ ಒಳಗೆ ಹೋಗಿದ್ದಳು.

"ಕೇಳಿಸ್ತೇನೋ?"

"ಕೇಳಿಸ್ತು," ಎಂದ ಎದುರಿಗೆ ಕೂತಿದ್ದ ಸಹಪಾಠಿ ರೂರ್ಡ್, ತಲೆ ಎತ್ತದೆ. "ಸುಮ್ನೆ ಬರಿ. ನಾಟಕ ಕಣೇ ಅದು. ಹೋದ ವಾರ ತಾನೇ ಪಾಠ ಆಯ್ತಲ್ಲ, ಪ್ರೇಕ್ಷಕ ಪರಿಣಾಮ ಅಂತ."

ಆಗಿತ್ತು. ಆಪತ್ತಿನ ಎದುರು ಜನ ಹೆಚ್ಚಿದ್ದಷ್ಟೂ, ಇನ್ನೊಬ್ಬರು ಏಳಲಿ ಎಂದು ಎಲ್ಲರೂ ಕಾಯುತ್ತಾರಂತೆ. ಫ್ರಿಸ್ಲಾಂಡಿನ ಆ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದುವ ಮೊದಲ ವರ್ಷದವರು ಹಿರಿಯ ವಿದ್ಯಾರ್ಥಿಗಳ ಪ್ರಯೋಗಗಳಿಗೆ ಕೂರಲೇಬೇಕು, ಇಲ್ಲವಾದರೆ ಪಾಸಿಲ್ಲ. ಕೂತು ಕೂತು ಪಾಪ, ಮಕ್ಕಳು ಯಾವುದನ್ನೂ ನಂಬದ ಹಾಗಾಗಿದ್ದರು. ಲಿಫ್ಟು ಕೆಟ್ಟರೂ ಪ್ರಯೋಗ, ಮೆಟ್ಟಿಲ ಮೇಲೆ ಯಾರಾದರೂ ಅತ್ತರೂ ಪ್ರಯೋಗ.

"ಒಂದ್ಸಲ ನೋಡ್ಕೊಂಡು ಬರೋಣ ಬಾರೋ."

"ಪಾಠ ಗೊತ್ತಿರೋ ನಾವೇ ಎದ್ದುಹೋದ್ರೆ ಅವಳ ಫಲಿತಾಂಶ ಸುಳ್ಳಾಗಲ್ವಾ? ಆಮೇಲೆ ಮತ್ತೆ ಬಂದು ಕೂರೋರ್ಯಾರು, ನಿಮ್ಮಜ್ಜಿನಾ?"

ನರಳಾಟ ನಿಂತುಹೋಯಿತು. ಫೆನ್ನೆ ಬಾಗಿಲ ಕಡೆ ನೋಡಿದಳು. ಹೋಗಿ ನೋಡಿ ಅದು ನಾಟಕವಾಗಿಬಿಟ್ಟರೆ ತರಗತಿಯವರೆಲ್ಲ ಆಡಿಕೊಂಡು ನಗುತ್ತಾರೆ. ನಾಟಕ ಅಲ್ಲದಿದ್ದರೆ? ಅದನ್ನು ಯೋಚಿಸುವುದಕ್ಕೂ ಅವಳಿಗೆ ಹೆದರಿಕೆಯಾಯಿತು. ಸ್ವಲ್ಪ ಹೊತ್ತು ಹಾಳೆಯನ್ನೇ ದಿಟ್ಟಿಸಿದಳು, ಕೊನೆಗೆ ತಡೆಯಲಾರದೆ ಎದ್ದು ಬಾಗಿಲು ನೂಕಿದಳು.

ಹಿಸ್ಕೆ ಮೇಜಿನ ಪಕ್ಕ ಅಂಗಾತ ಬಿದ್ದಿದ್ದಳು.

"ಸಾಕು ಏಳೇ ಮಹರಾಯ್ತಿ, ನಾವು ಸೋತ್ವಿ," ಬಾಗಿಲಲ್ಲಿ ನಿಂತು ರೂರ್ಡ್ ನಕ್ಕ.

ಫೆನ್ನೆ ಅವಳ ಕೈ ಮುಟ್ಟಿದಳು. ತಣ್ಣಗಿತ್ತು, ಬೆವತಿತ್ತು. ಮೂಗಿನ ಬಳಿ ಬೆರಳು ಹಿಡಿದರೆ ಉಸಿರು ಸಿಗಲಿಲ್ಲ.

"ರೂರ್ಡ್, ನಾಟಕ ಆಡೋರ ತುಟಿ ನೀಲಿಯಾಗುತ್ತೇನೋ?"

ಅವನ ನಗು ಉಡುಗಿತು. ಮಂಡಿಯೂರಿ ಹಿಸ್ಕೆಯ ಎದೆ ಒತ್ತತೊಡಗಿದ. "ಓಡೇ, ಯಾರನ್ನಾದ್ರೂ ಕರಿ," ಎಂದ.

ಫೆನ್ನೆ ಹೊರಗೆ ಓಡಿದಳು. ಆಗಷ್ಟೇ ತರಗತಿ ಬಿಟ್ಟು ಪಡಸಾಲೆಯ ತುಂಬ ಹುಡುಗ ಹುಡುಗಿಯರು, ಎಲ್ಲರ ಕೈಯಲ್ಲೂ ಮೊಬೈಲು. ಸದ್ಯ, ಬದುಕಿದೆವು ಅಂದುಕೊಂಡಳು.

"ಯಾರಾದ್ರೂ ಆಂಬುಲೆನ್ಸಿಗೆ ಫೋನ್ ಮಾಡಿ," ಎಂದು ಕಿರುಚಿದಳು. "ಒಳಗೆ ಹಿಸ್ಕೆ ಸಾಯ್ತಿದ್ದಾಳೆ."

ಎಲ್ಲರೂ ನಿಂತರು. ಮುಂದಿದ್ದ ಹುಡುಗಿ ಅವಳ ಕಣ್ಣೀರನ್ನು ಮೆಚ್ಚುಗೆಯಿಂದ ನೋಡಿದಳು. "ಅಬ್ಬ, ಎಷ್ಟು ಚೆನ್ನಾಗಿ ಮಾಡ್ತೀಯ," ಎಂದಳು. ಉಳಿದವರು ಕ್ಯಾಮೆರಾ ಎಲ್ಲಿದೆಯೆಂದು ಛಾವಣಿಯ ಮೂಲೆಗಳಲ್ಲಿ ಹುಡುಕುತ್ತಿದ್ದರು.